ನಿಮ್ಮ ಪ್ರಶ್ನೆ: ವಿಯೆಟ್ನಾಂನೋರೂ ಕವಳ ಹಾಕ್ತಾರಾ?

ಹೋದ ಸಂಚಿಕೇಲಿ ವಿಯೆಟ್ನಾಂ ಬಗ್ಗೆ ಏನ್ ಬೇಕಾದ್ರೂ ಕೇಳಿ ಅಂದಿದ್ವಿ. ಬಂದಿದ್ರಲ್ಲಿ ಮುಕ್ಕಾಲು ಪಾಲು ಕಾಳುಮೆಣಸಿನ ರೇಟಿನ ಸಿಟ್ಟೇ. ಮಲ್ನಾಡಲ್ವಾ, ಏನ್ ಮಾಡೋದು. ಅದನ್ನ ಕೊನೆಗಿಟ್ಕೊಂಡು ಬೇರೇವು ಮೊದ್ಲು ನೋಡಣ.

ಪ್ರಶ್ನೆ: ಅಲ್ಲೂ ಅಡಿಕೆ ಬೆಳೀತಾರಂತೆ, ನಮ್ ಹಾಗೆ ಕವಳ ಹಾಕ್ತಾರಾ ಅಥ್ವಾ ಬರೀ ಮಾರೋಕಾ? (ಓದುಗರು, ತೀರ್ಥಹಳ್ಳಿ)

ಉತ್ತರ: ಹಾಕ್ತಿದ್ರು, ಈಗ ಕಮ್ಮಿ ಆಗಿದೆ. ಎಲೆ, ಅಡಿಕೆ, ಸುಣ್ಣ ಮೂರೂ ಅದೇ, ಆದ್ರೆ ನಮ್ಮ ಕೆಂಪಡಿಕೆ ಥರ ಬೇಯಿಸಿ ಒಣಗಿಸಿದ್ದಲ್ಲ, ಹೆಚ್ಚಾಗಿ ಹಸಿ ಅಡಿಕೆನೇ ಸೀಳಿ ಹಾಕ್ಕೊಳೋದು. ಇದಕ್ಕೊಂದು ಕತೆ ಇದೆ ನೋಡಿ. ಟಾನ್, ಲಾಂಗ್ ಅಂತ ಅಣ್ಣತಮ್ಮ, ನೋಡೋಕೆ ಒಂದೇ ಥರ. ಅಣ್ಣಂಗೆ ಮದ್ವೆ ಆಯ್ತು, ಒಂದಿನ ಸಂಜೆಗತ್ತಲಲ್ಲಿ ಅತ್ತಿಗೆ ಗಂಡ ಅಂದ್ಕೊಂಡು ಮೈದುನನ್ನ ತಬ್ಕೊಂಡ್ಲು, ಅಲ್ಲಿಂದ ಮನೆಯಲ್ಲಿ ಅನುಮಾನ, ಮುನಿಸು, ತಮ್ಮ ಮನೆ ಬಿಟ್ಟು ಹೋಗಿ ಹೊಳೆ ದಂಡೇಲಿ ಅತ್ತತ್ತು ಸತ್ತು ಸುಣ್ಣದ ಕಲ್ಲಾದ. ಹುಡುಕ್ಕೊಂಡು ಬಂದ ಅಣ್ಣ ಅದೇ ಕಲ್ಲಿಗೊರಗಿ ಸತ್ತು ಅಡಿಕೆ ಮರ ಆದ, ಹೆಂಡ್ತಿ ಬಂದು ಆ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿ ಆದ್ಲು. ಆಮೇಲೆ ರಾಜ ಆ ದಾರೀಲಿ ಬಂದು ಎಲೆ ಅಡಿಕೆ ಅಗಿದು ಕಲ್ಲಿನ ಮೇಲೆ ಉಗಿದ್ರೆ ಕೆಂಪಾಯ್ತಂತೆ, ಅವತ್ತಿಂದ ಮದ್ವೆಗೆ ಇದು ಇರ್ಲೇಬೇಕು ಅಂತ ಅಪ್ಪಣೆ. ತೋಟದಲ್ಲಿ ಅಡಿಕೆ ಮರಕ್ಕೆ ವೀಳ್ಯದ ಬಳ್ಳಿ ಹಬ್ಬಿಸಿರೋ ನಮ್ಮೋರಿಗೆ ಈ ಕತೆ ಬಿಡಿಸಿ ಹೇಳೋದೇ ಬೇಡ.

ಕವಳದಿಂದ್ಲೇ ಮಾತು ಶುರು ಅಂತ ಅವರಲ್ಲೊಂದು ಗಾದೆನೂ ಇದೆ. ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವ್ರು ಕೆಂಪು ಬಟ್ಟೆ ಮುಚ್ಚಿದ ಪೆಟ್ಟಿಗೆಗಳಲ್ಲಿ ಅಡಿಕೆ ಕೊನೆ, ಎಲೆ, ಟೀ, ಮದ್ಯ, ಹಣ್ಣು ಹೊತ್ಕೊಂಡು ಬರ್ತಾರೆ, ಉತ್ತರದ ಕಡೆ ಪೆಟ್ಟಿಗೆ ಬೆಸ ಸಂಖ್ಯೇಲಿರ್ಬೇಕು, ದಕ್ಷಿಣದಲ್ಲಿ ಸಮ. ಹಿಂದೆ ಹಲ್ಲನ್ನ ಬೇಕಂತಲೇ ಕಪ್ಪು ಮಾಡ್ಕೊಳೋರು, ಬಿಳಿ ಹಲ್ಲು ಪ್ರಾಣಿಗಳದ್ದು ಅಂತ ಲೆಕ್ಕ. ಫ್ರೆಂಚರ ಕಾಲದಲ್ಲಿ ಅದು ಹೋಯ್ತು. ಈಗ ಹಳ್ಳಿ ಅಜ್ಜೀರು ಬಿಟ್ರೆ ಕವಳ ಹಾಕೋರು ಕಮ್ಮಿ, ಎಳೆ ಅಡಿಕೆ ಬೇಯಿಸಿ ಒಣಗಿಸಿ ಚೀನಾಕ್ಕೆ ಕಳಿಸ್ತಾರೆ, ಅಲ್ಲಿನ ಹುನಾನ್ ಪ್ರಾಂತದೋರಿಗೆ ಅಗಿಯೋ ಚಟ.

ಪ್ರಶ್ನೆ: ನನ್ನ ಮಗನ ಆಫೀಸಿನ ವಿಯೆಟ್ನಾಂ ಹುಡುಗಿ ಒಬ್ಳು ಬೆಂಗ್ಳೂರಿಂದ ನಮ್ಮನೆ ಕಾರ್ಯಕ್ಕೆ ಬರ್ತಾಳಂತೆ. ನಾವು ಶುದ್ಧ ಸಸ್ಯಾಹಾರಿಗಳು. ಏನ್ ಮಾಡಿ ಬಡಿಸ್ಲಿ, ಹೆಂಗೆ ಮಾತಾಡಿಸ್ಲಿ? (ಓದುಗರು, ಸಾಗರ)

ಉತ್ತರ: ಅಮ್ಮ, ಗಾಬರಿ ಬೇಡ. ಅಲ್ಲಿ ಬೌದ್ಧ ಆಚರಣೆ ಇರೋ ತುಂಬಾ ಮನೆಗಳಲ್ಲಿ ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತೆ ಹುಣ್ಣಿಮೆಗೆ ಮಾಂಸ ಮುಟ್ಟಲ್ಲ. ಹಾಗಾಗಿ ಸಸ್ಯಾಹಾರ ಗೊತ್ತಿಲ್ದೇ ಇರೋದೇನಲ್ಲ, ಆದ್ರೆ ಬೇರೆ ದಿನ ಮೀನಿನ ಸಾಸ್ ಇಲ್ದೆ ಅವರ ಅಡುಗೆ ಮನೆ ನಡೆಯಲ್ಲ ಅನ್ನೋದೂ ನಿಜ. ಒತ್ತು ಶ್ಯಾವಿಗೆ ಮಾಡಿ. ಅಕ್ಕಿ ಶ್ಯಾವಿಗೆ ಅವರ ದಿನನಿತ್ಯದ ಊಟ. ಮಳೆಗಾಲ ಆದ್ರೆ ಕಳಲೆ ಪಲ್ಯ, ಅದೂ ಅವರಿಗೆ ಗೊತ್ತು. ಹಲಸೂ ಗೊತ್ತು. ಕಾಫಿ ಅಂತೂ ಕೇಳ್ಬೇಡಿ, ಬ್ರೆಜಿಲ್ ಬಿಟ್ರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋರು ಅವ್ರೇ, ಕುಡಿಯೋದು ಮಾತ್ರ ಗಟ್ಟಿ ಡಿಕಾಕ್ಷನ್‌ಗೆ ಡಬ್ಬಿ ಮಿಲ್ಕ್‌ಮೇಡ್ ಥರದ ಹಾಲು ಹಾಕಿ.

ಬಂದ ಕೂಡ್ಲೇ ನಿಮ್ಮ ವಯಸ್ಸೆಷ್ಟು ಅಂತ ಕೇಳಿದ್ರೆ ಬೇಜಾರ್ ಮಾಡ್ಕೋಬೇಡಿ. ಅಲ್ಲಿ ಅಕ್ಕ, ತಂಗಿ, ಚಿಕ್ಕಪ್ಪ, ಅಜ್ಜಿ ಅಂತ ಸಂಬಂಧ ಹಿಡ್ಕೊಂಡೇ ಮಾತಾಡೋದು, ವಯಸ್ಸು ಗೊತ್ತಾಗ್ದೆ ಬಾಯೇ ಬಿಡೋಕಾಗಲ್ಲ. ಮನೆ ಹೆಸರು ಮೊದ್ಲು, ಇಟ್ಟ ಹೆಸರು ಕೊನೆಗೆ, ಕರೆಯೋದು ಕೊನೇದ್ರಲ್ಲಿ. ಹತ್ತರಲ್ಲಿ ನಾಲ್ಕು ಜನರ ಹತ್ರ ಹತ್ರ ನುಯೆನ್ ಅನ್ನೋ ಮನೆ ಹೆಸರಿನೋರೇ ಇರೋದ್ರಿಂದ ಅದರಲ್ಲಿ ಕರೆದ್ರೆ ಯಾರು ತಿರುಗ್ತಾರೆ ಹೇಳಿ. ಚಪ್ಪಲಿ ಬಾಗಿಲಲ್ಲಿ ಬಿಡೋದು ನೀವ್ ಹೇಳಿಕೊಡ್ಬೇಕಿಲ್ಲ, ಅವರ ಮನೇಲೂ ಅದೇ.

ಪ್ರಶ್ನೆ: ಅವರದು ಕಮ್ಯುನಿಸ್ಟ್ ದೇಶ ಅಲ್ವಾ, ದೇವ್ರು ದಿಂಡ್ರು ಹಬ್ಬ ಇಲ್ವಾ? (ಓದುಗರು, ಹೊಸನಗರ)

ಉತ್ತರ: ಸರ್ಕಾರ ಕಮ್ಯುನಿಸ್ಟ್ ಪಕ್ಷದ್ದೇ, ಬೇರೆ ಪಕ್ಷಕ್ಕೆ ಅವಕಾಶನೇ ಇಲ್ಲ. ಆದ್ರೆ ಬಹುಪಾಲು ಮನೆಗಳಲ್ಲಿ ಹಿರಿಯರ ಪೀಠ ಇರುತ್ತೆ, ಫೋಟೋ, ಊದುಬತ್ತಿ, ಹಣ್ಣು. ಸತ್ತೋರ ದಿನವನ್ನ ಚಾಂದ್ರಮಾನ ತಿಥಿ ನೋಡಿ ಮಾಡ್ತಾರೆ, ನೆಂಟರಿಷ್ಟರು ಎಲ್ಲಿದ್ರೂ ಸೇರ್ಲೇಬೇಕು. ದೊಡ್ಡ ಹಬ್ಬ ಟೆಟ್, ಅವರ ಯುಗಾದಿ ಅನ್ನಿ, ಜನವರಿ ಕೊನೆ ಇಲ್ಲಾಂದ್ರೆ ಫೆಬ್ರವರೀಲಿ ಬರುತ್ತೆ. ಅದಕ್ಕೆ ಒಂದು ವಾರ ಮುಂಚೆ ಒಲೆ ದೇವರು ಮೇಲೆ ಹೋಗಿ ಮನೆಯವ್ರ ವರ್ಷದ ವರದಿ ಒಪ್ಪಿಸ್ತಾನೆ, ಅವನ ಸವಾರಿಗೆ ಅಂತ ಮೀನನ್ನ ಕೆರೆಗೆ ಬಿಡ್ತಾರೆ. (ನಮ್ಮ ಒಲೆಗಳು ವರದಿ ಕೊಡೋಕೆ ಶುರು ಮಾಡಿದ್ರೆ ಎಷ್ಟು ಮನೆ ಉಳೀತವೋ.) ಅಂಟಕ್ಕಿ, ಹೆಸರುಬೇಳೆ, ಹಂದಿ ಮಾಂಸ ಎಲೇಲಿ ಚೌಕ ಕಟ್ಟಿ ರಾತ್ರಿಯೆಲ್ಲಾ ಬೇಯಿಸೋ ಬಾನ್ ಚುಂಗ್ ಇಲ್ದೆ ಉತ್ತರದೋರಿಗೆ ಹಬ್ಬನೇ ಅಲ್ಲ. ಹಿಂದಿನ ದಿನ ಸಂಜೆ ಹಿರಿಯರನ್ನ ಮನೆಗೆ ಕರೀತಾರೆ, ಎರಡ್ಮೂರು ದಿನ ಇಟ್ಕೊಂಡು ಊಟ ಬಡಿಸಿ, ಕಾಗದದ ದುಡ್ಡು, ಬಟ್ಟೆ ಸುಟ್ಟು ಕಳಿಸಿಕೊಡ್ತಾರೆ. ಹೊಸ ವರ್ಷದ ಬೆಳಿಗ್ಗೆ ಮೊದಲು ಹೊಸ್ತಿಲು ದಾಟೋರ ಕಾಲ್ಗುಣದ ಮೇಲೆ ಇಡೀ ವರ್ಷ ನಿಂತಿರುತ್ತೆ, ಅದಕ್ಕೆ ಒಳ್ಳೇ ಮನುಷ್ಯರನ್ನ ಮುಂಚೆನೇ ಹೇಳಿ ಕರೆಸ್ಕೊಳೋರೂ ಇದಾರೆ. ಅವತ್ತು ಕಸ ಗುಡಿಸಲ್ಲ.

ಪ್ರಶ್ನೆ: ಅಲ್ಲಿ ಶಿವನ ದೇವಸ್ಥಾನ ಇದೆ ಅಂತ ವಾಟ್ಸಾಪಲ್ಲಿ ಬಂತು. ಅಂದ್ರೆ ಅವ್ರೆಲ್ಲ ಮೊದ್ಲು ನಮ್ಮೋರೇನಾ? (ಓದುಗರು, ಶಿವಮೊಗ್ಗ)

ಉತ್ತರ: ದೇವಸ್ಥಾನ ನಿಜ, ಉಳಿದಿದ್ದು ವಾಟ್ಸಾಪ್. ಮಧ್ಯ ವಿಯೆಟ್ನಾಂನ ಮಿ ಸನ್‌ನಲ್ಲಿ 4ನೇ ಶತಮಾನದಲ್ಲಿ ಚಂಪಾ ಅನ್ನೋ ಹಳೇ ರಾಜ್ಯದ ರಾಜ ಭದ್ರವರ್ಮ, ಭದ್ರೇಶ್ವರ ಅನ್ನೋ ಹೆಸರಲ್ಲಿ ಶಿವನಿಗೆ ಗುಡಿ ಕಟ್ಟಿಸಿದ. ಆಮೇಲೆ ಇಟ್ಟಿಗೆ ಗೋಪುರಗಳು ಎದ್ದವು, ಸಂಸ್ಕೃತ ಶಾಸನಗಳೂ ಇವೆ. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಮುಖ್ಯ ಗೋಪುರನೇ ಬಿತ್ತು. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು, ನಮ್ಮ ಪುರಾತತ್ವ ಇಲಾಖೆನೂ ದುರಸ್ತಿ ಮಾಡಿದೆ, 2020ರಲ್ಲಿ ಆ ಕೆಲಸ ನಡೀವಾಗ 9ನೇ ಶತಮಾನದ ಒಂದು ಶಿವಲಿಂಗನೂ ಸಿಕ್ತು. ಆದ್ರೆ ಇದೆಲ್ಲ ಆ ಚಂಪಾದ ಚಾಮ್ ಜನದ್ದು, ಅವ್ರೇ ಬೇರೆ. ದೇಶದಲ್ಲಿರೋ 54 ಜನಾಂಗಗಳಲ್ಲಿ ನೂರಕ್ಕೆ ಎಂಬತ್ತೈದರಷ್ಟಿರೋ ಕಿನ್ ಜನರ ಸಂಸ್ಕೃತಿ ಸಾವಿರ ವರ್ಷದ ಚೀನಾ ಆಳ್ವಿಕೇಲಿ ರೂಪ ಪಡೆದದ್ದು, ಅವರೇ 1471ರಲ್ಲಿ ಚಂಪಾದ ರಾಜಧಾನಿ ವಿಜಯಾನ ಕೆಡವಿದ್ದು. ಈಗ ಚಾಮ್ ಜನ ಎರಡು ಲಕ್ಷದೊಳಗೆ, ಅದರಲ್ಲೂ ಶಿವನನ್ನ ನಂಬೋರು ಒಂದು ಭಾಗ, ಇನ್ನೊಂದು ಭಾಗ ಮುಸ್ಲಿಮರು. ಹಾಗಾಗಿ ನಮ್ಮೋರು ಅಂತ ಎದೆ ಉಬ್ಬಿಸೋಕೆ ಮುಂಚೆ ಆ ಎರಡು ಲಕ್ಷ ಜನ ಹೆಂಗಿದಾರೆ ಅಂತ ಕೇಳಿದ್ರೆ ಚೆನ್ನಾಗಿರುತ್ತೆ.

ಪ್ರಶ್ನೆ: ಅವರ ಮೆಣಸು ಬಂದು ನಮ್ಮ ರೇಟ್ ಹಾಳಾಯ್ತು. ಅಷ್ಟು ಕಮ್ಮಿಗೆ ಹೆಂಗ್ ಮಾರ್ತಾರೆ? (ಓದುಗರು, ಕೊಪ್ಪ. ಇದೇ ಪ್ರಶ್ನೆ ಇನ್ನೂ ಬೇಕಾದಷ್ಟು ಜನರದ್ದು)

ಉತ್ತರ: ಸಿಟ್ಟು ನ್ಯಾಯನೇ, 2017ರ ಡಿಸೆಂಬರಲ್ಲಿ ಕೇಂದ್ರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದೂ ಅದಕ್ಕೇ. ನಾವು ಅಡಿಕೆ ಮರಕ್ಕೋ ಸಿಲ್ವರ್ ಓಕ್‌ಗೋ ಬಳ್ಳಿ ಹತ್ತಿಸ್ತೀವಿ, ಅಲ್ಲಿ ಸಾಲಾಗಿ ಕಂಬ ನೆಟ್ಟು ಬರೀ ಮೆಣಸೇ, ಒತ್ತೊತ್ತಾಗಿ, ಗೊಬ್ಬರ ನೀರು ಸುರಿದು. 1986ರ ಆರ್ಥಿಕ ಸುಧಾರಣೆ ಆದ್ಮೇಲೆ ಬಯಲಿನ ಜನ ಗುಂಪುಗುಂಪಾಗಿ ಮಧ್ಯದ ಬೆಟ್ಟಸೀಮೆಗೆ ಬಂದು ಕಾಫಿ, ಮೆಣಸು ಹಾಕಿದ್ರು. ಆ ನೆಲ ಹಿಂದಿಂದ ಎಡೆ, ಜರಾಯ್ ಮುಂತಾದ ಬೆಟ್ಟದ ಜನರದ್ದು. ಜಮೀನು ಕಳ್ಕೊಂಡಿದ್ದು ಅವ್ರು.

ಬೆಳೆದೋರೂ ಸುಖವಾಗಿಲ್ಲ ಬಿಡಿ. 2016ರ ನಂತರ ರೇಟ್ ಬಿತ್ತು, ನಮ್ಮಲ್ಲಿ ಬರೋ ಅದೇ ಸೊರಗು ರೋಗ ತೋಟಗಟ್ಟಲೆ ಬಳ್ಳಿ ತಿಂತು, ಬ್ಯಾಂಕ್ ಸಾಲ ತೀರಿಸೋಕಾಗ್ದೆ ಗಾರೆ ಕೆಲ್ಸಕ್ಕೆ, ಫ್ಯಾಕ್ಟರಿಗೆ ಅಂತ ಊರು ಬಿಟ್ಟೋರು ಎಷ್ಟೋ ಜನ. ಉಳಿದೋರಲ್ಲಿ ತುಂಬಾ ಜನ ಬಳ್ಳಿ ಕಿತ್ತು ಡುರಿಯನ್ ಅನ್ನೋ ಮುಳ್ಳು ಸಿಪ್ಪೆ ಹಣ್ಣಿನ ಗಿಡ ಹಾಕಿದಾರೆ, ಅದನ್ನೂ ಕೊಳ್ಳೋದು ಚೀನಾನೇ.