ಬೇಸ್‌ಬಾಲ್‌ನಲ್ಲಿ 29-4 ಅಂತರದ ಸೋಲು ನಿಜಕ್ಕೂ ಆಗಿತ್ತಾ?

ಹೌದು, ಆಗಿತ್ತು. 1950ರ ಜೂನ್ 8, ಬಾಸ್ಟನ್‌ನ ಫೆನ್‌ವೇ ಪಾರ್ಕ್. ರೆಡ್ ಸಾಕ್ಸ್ ತಂಡ ಸೇಂಟ್ ಲೂಯಿಸ್ ಬ್ರೌನ್ಸ್ ತಂಡವನ್ನು ಹಾಗೆ ಚಚ್ಚಿಹಾಕಿತು. ಹಿಂದಿನ ದಿನವೂ 20-4! 29-4ರ ಪಂದ್ಯದಲ್ಲಿ ರೆಡ್ ಸಾಕ್ಸ್‌ನ ಬಾಬಿ ಡೋರ್ ಒಬ್ಬರೇ ಮೂರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು. ಟೆಡ್ ವಿಲಿಯಮ್ಸ್, ವಾಲ್ಟ್ ಡ್ರೋಪೊ ತಲಾ ಎರಡು.

ಕ್ರಿಕೆಟ್‌ನಂತೆ ಇಲ್ಲಿ ಓವರ್ ಲೆಕ್ಕ ಇಲ್ಲ, ಡಿಕ್ಲೇರ್ ಮಾಡೋದೂ ಇಲ್ಲ. ಪ್ರತಿ ಇನ್ನಿಂಗ್ಸ್‌ನಲ್ಲೂ ಮೂವರು ಔಟಾಗುವ ತನಕ ಬ್ಯಾಟಿಂಗ್ ನಡೆಯುತ್ತಲೇ ಇರುತ್ತದೆ. ಪಿಚಿಂಗ್ (ಚೆಂಡೆಸೆತ) ಸೊರಗಿದರೆ ಮುಗೀತು.

ಆದರೂ ಇದು ದಾಖಲೆಯಲ್ಲ. 1897ರಲ್ಲಿ ಶಿಕಾಗೊ ತಂಡ ಲೂಯಿವಿಲ್ ವಿರುದ್ಧ 36-7ರಿಂದ ಗೆದ್ದಿತ್ತು.

ಪಾಪ ಬ್ರೌನ್ಸ್! 1954ರಲ್ಲಿ ಊರು ಬದಲಿಸಿ ಬಾಲ್ಟಿಮೋರ್ ಓರಿಯೋಲ್ಸ್ ಆದರು. 2007ರಲ್ಲಿ ಟೆಕ್ಸಸ್ ರೇಂಜರ್ಸ್ ಕೈಯಲ್ಲಿ 30-3ರಿಂದ ಸೋತವರೂ ಅವರೇ.