ಸೆಕೆಂಡ್ ಹ್ಯಾಂಡ್ ಗೇಮ್ ಮಾರಾಟಕ್ಕೆ ಪ್ರಕಾಶಕರು ತಡೆ ಹಾಕುವುದು ಹೇಗೆ?

ಡಿಸ್ಕ್ ಮಾರುವುದನ್ನು ನೇರವಾಗಿ ತಡೆಯುವುದು ಕಷ್ಟ. ಹಾಗಾಗಿ ಮಾರಿದ ಡಿಸ್ಕಿನ ಬೆಲೆಯನ್ನೇ ಇಳಿಸುತ್ತಾರೆ. 2010ರಲ್ಲಿ ಗೇಮ್ ಪ್ರಕಾಶಕ ಕಂಪನಿ ಇಎ ತಂದ ‘ಆನ್‌ಲೈನ್ ಪಾಸ್’ ಹೀಗಿತ್ತು: ಹೊಸ ಪೆಟ್ಟಿಗೆಯಲ್ಲಿ ಒಂದೇ ಸಲ ನಡೆಯುವ ಕೋಡ್, ಹಳೆ ಡಿಸ್ಕ್ ಕೊಂಡವರು ಆನ್‌ಲೈನ್ ಆಡಲು ಮತ್ತೆ 10 ಡಾಲರ್ ತೆರಬೇಕು. ಆಟಗಾರರಿಗೆ ಇದು ಹಿಡಿಸಲಿಲ್ಲ, 2013ರಲ್ಲಿ ಕೈಬಿಟ್ಟರು.

ಈಗಿನ ಬೀಗ ಇನ್ನೂ ಗಟ್ಟಿ. ಡೌನ್‌ಲೋಡ್ ಗೇಮ್ ನಿಮ್ಮ ಖಾತೆಗೇ ಅಂಟಿಕೊಂಡಿರುತ್ತದೆ, ಕೈಗೆ ಸಿಗುವುದು ಬರೀ ಪರವಾನಗಿ. ಖಾತೆಯನ್ನೇ ಮಾರಿದರೆ ಷರತ್ತು ಮುರಿದಂತೆ, ಅದು ರದ್ದಾಗಬಹುದು.

ಹಳೆಯದು ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಬರಹ ಓದಿ. ಒಳಗೆ ಬರೀ ಕೋಡ್ ಇದ್ದರೆ ಬೇಡವೇ ಬೇಡ, ಬಳಸಿದ ಕೋಡ್ ಮತ್ತೆ ನಡೆಯದು. ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್ 2ರ ಗೇಮ್-ಕೀ ಕಾರ್ಡನ್ನು ಮಾರಬಹುದು. ಆದರೆ ಅದರಲ್ಲಿ ಪೂರ್ತಿ ಗೇಮ್ ಇರುವುದಿಲ್ಲ, ಸರ್ವರ್ ಇರುವವರೆಗಷ್ಟೇ ಡೌನ್‌ಲೋಡ್.