ತೋಟದಲ್ಲಿ ಸಿಕ್ಕ ಗೋಲಿ ಬಾಟಲಿ ಬ್ರಿಟಿಷರ ಕಾಲದ್ದಾ?

ಸಿದ್ದಾಪುರದ ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಗೋಲಿ ಬಾಟಲಿ ಸಿಕ್ಕಿತು, ಬ್ರಿಟಿಷರ ಕಾಲದ್ದಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಗೋಲಿ ನೋಡಿ ಹೇಳಲು ಆಗುವುದಿಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ, ಸರಿ. ನಮ್ಮಲ್ಲಿ ಗೋಲಿ ಸೋಡಾ ಇವತ್ತಿಗೂ ಸಿಗುತ್ತದೆ, ಅಲ್ವಾ? ಬೇರೆ ಬಾಟಲಿಗಳಲ್ಲಿ ಅಚ್ಚಿನ ಗೆರೆ (ಅಚ್ಚಿನ ಭಾಗಗಳು ಕೂಡುವ ಕಡೆ ಗಾಜಿನ ಮೇಲೆ ಮೂಡುವ ಗೆರೆ) ಬಾಯಿಯ ತುದಿವರೆಗೆ ಹೋಗಿದ್ದರೆ ಯಂತ್ರದಲ್ಲಿ ಮಾಡಿದ್ದು, ಅಂದರೆ ಸಾಮಾನ್ಯವಾಗಿ 1900ರ ನಂತರದ್ದು. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗೋಲಿ ಒಳಗೆ ಹಾಕಿದ ಮೇಲೆ ಬಾಯಿಯನ್ನು ಕೈಯಿಂದಲೇ ಮುಗಿಸುತ್ತಿದ್ದರು. ಮೈಮೇಲೆ ಉಬ್ಬಿದ ಅಕ್ಷರ ಇದೆಯಾ? ಕಂಪನಿ, ಊರಿನ ಹೆಸರೇ ಒಳ್ಳೆಯ ಸುಳಿವು. ಮಣ್ಣನ್ನು ಸುಮ್ನೆ ನೀರಲ್ಲಿ ನೆನೆಸಿ ತೆಗೆಯಿರಿ, ಆಸಿಡ್ ಬೇಡ. ಅದೇ ಗುಂಡಿಯಲ್ಲಿ ತಳ ಚೂಪಾದ ಬಾಟಲಿ ಸಿಕ್ಕರೆ ಖಂಡಿತ ತಿಳಿಸಿ. ಕಾರ್ಕ್ ಒಣಗದಂತೆ ಅದನ್ನು ಮಲಗಿಸಿಯೇ ಇಡುತ್ತಿದ್ದರು. ಆ ಮಾದರಿ ಗೋಲಿ ಬಾಟಲಿಗಿಂತಲೂ ಹಳೆಯದು.